ನರ್ಸಾಂಟಿ ಹಿಂದಕ್ಕೆ ತೆಗೆದುಕೊಂಡ ಸಾಕ್ಷಿ

ಕಳೆದ ಶನಿವಾರ ಸಂಜೆ ಅಮ್ಮನ ಬಿಪಿ ಮಾತ್ರೆ ತರಲು ಕುವೆಂಪುನಗರದ ಮೆಡಿಕಲ್ ಸ್ಟೋರಿಗೆ ಹೋಗಿದ್ದೆ. ಅಂಗಡಿಯವನು ಮೇಲಿನ ಅರೆಯಿಂದ ಏನನ್ನೋ ತೆಗೆಯಲು ಹೋಗಿ ನೀಲಗಿರಿ ಎಣ್ಣೆಯ ಪುಟ್ಟ ಸೀಸೆಯೊಂದನ್ನು ಕೆಳಗೆ ಬೀಳಿಸಿದ. ಸೀಸೆ ಒಡೆದು ಅಂಗಡಿಯ ತುಂಬ ಅದೇ ವಾಸನೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, "ಬುಡಿ, ಇಲ್ಲಿರೋರ ನೆಗಡಿಯೆಲ್ಲ ಪುಕ್ಕಟೆ ವಾಸಿಯಾಯ್ತು" ಎಂದು ನಕ್ಕರು. ನಾನು ಮಾತ್ರೆಯ ಪೊಟ್ಟಣ ತೆಗೆದುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಸ್ಕೂಟರ್ ಕೀಲಿ ಕೈಯಲ್ಲೇ ಇತ್ತು. ಎಲ್ಲರಿಗೂ ಅದು ನೆಗಡಿಯ ವಾಸನೆ. ನನಗೆ ಮಾತ್ರ ಅದು ಶ್ರೀರಾಂಪುರದ ಒಂದು ಮನೆಯ ಒಳಕೋಣೆ, ಎಳೆದಿಟ್ಟ ಪರದೆ, ಬಿಳಿ ಸೀರೆಯ ಮೇಲೆ ಹೊದ್ದ ಬಿಳಿ ಟವೆಲ್ಲು... ಮತ್ತು ಆ ಎಣ್ಣೆಯ ವಾಸನೆಯ ಅಡಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಇನ್ನೊಂದು ವಾಸನೆ.

ನಾವು ಶ್ರೀರಾಂಪುರದಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯವರ ಕೋಣೆ ಅದು. ಅವರು ಸರಸ್ವತಿಪುರಂನ ಒಂದು ನರ್ಸಿಂಗ್ ಹೋಮಿನಲ್ಲಿ ಹಿರಿಯ ನರ್ಸ್. ಬೀದಿಯವರಿಗೆ ನರ್ಸಮ್ಮ, ಅವರು ಹೋಗುತ್ತಿದ್ದ ಪ್ರಾರ್ಥನಾ ಸಭೆಯವರಿಗೆ ಸಿಸ್ಟರ್, ನನಗೆ ನರ್ಸಾಂಟಿ. ಮದುವೆಯಾಗಿರಲಿಲ್ಲ. ಡ್ಯೂಟಿಯಲ್ಲೂ ಬಿಳಿ, ಮನೆಯಲ್ಲೂ ಬಿಳಿ. ಸೀರೆಗೆ ನೀಲಿ ಹಾಕುವುದರಲ್ಲಿ ಅವರದು ವಿಪರೀತ ಶಿಸ್ತು. ಒಂದು ಹನಿ ಹೆಚ್ಚಾದರೆ ಇಡೀ ಸೀರೆಯನ್ನು ಮತ್ತೆ ಜಾಲಿಸುತ್ತಿದ್ದರು. ಕಿವಿಯಲ್ಲಿ ಓಲೆಯಿಲ್ಲ, ಕುತ್ತಿಗೆಯಲ್ಲಿ ದಾರವಿಲ್ಲ, ತಲೆಯಲ್ಲಿ ಹೂವಿಲ್ಲ. ಮೈಮೇಲೆ ಇದ್ದ ಲೋಹವೆಂದರೆ ಕೈಗಡಿಯಾರ ಒಂದೇ, ಅದೂ ಮುಖವನ್ನು ಮಣಿಕಟ್ಟಿನ ಒಳಕ್ಕೆ ತಿರುಗಿಸಿ ಕಟ್ಟಿದ್ದು. ಯಾರ ಕೈ ಹಿಡಿದು ಮಾತಾಡಿಸಿದರೂ ಅವರ ಬೆರಳು ತಾನಾಗಿ ನಾಡಿಯ ಮೇಲೆ ಹೋಗಿ ಕೂರುತ್ತಿತ್ತು.

ಅವರ ತಂದೆ ಕೊಳ್ಳೇಗಾಲದ ಕಡೆಯವರು. ಆಂಟಿ ಚಿಕ್ಕವರಿದ್ದಾಗ ಅವರ ಊರಿಗೆ ಉಜ್ಜೀವನ ಬಂದಿತ್ತಂತೆ. ಪವಿತ್ರಾತ್ಮನು ಒಂದು ಊರಿನ ಮೇಲೆಯೇ ಇಳಿದುಬರುವ ಕಾಲವನ್ನು ಪೆಂತೆಕೊಸ್ತ್ ವಿಶ್ವಾಸಿಗಳು ಹಾಗೆ ಕರೆಯುತ್ತಾರೆ. ತೆಂಗಿನ ಗರಿಯ ಚಪ್ಪರ, ಒಂದು ಗ್ಯಾಸ್‌ಲೈಟು, ಎಲ್ಲಿಂದಲೋ ನಡೆದು ಬಂದಿದ್ದ ಒಬ್ಬ ಬೋಧಕ. ಜನ ಅಳುತ್ತಿದ್ದರಂತೆ, ನಡುಗುತ್ತಿದ್ದರಂತೆ, ತಮಗೇ ಗೊತ್ತಿಲ್ಲದ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದರಂತೆ. ಇದನ್ನು ಹೇಳುವಾಗ ಆಂಟಿಯ ಮುಖ ಎಳೆಯದಾಗುತ್ತಿತ್ತು.

"ಆವಾಗ ಪಾಸ್ಟರು ಗೀಸ್ಟರು ಏನೂ ಇರ್ಲಿಲ್ಲ ಕಣಮ್ಮ. ಯಾರ ಮೇಲೆ ಆತ್ಮ ಬಂತೋ ಅವರು ಎದ್ದು ನಿಂತ್ಕೋತಿದ್ರು. ಕಳೆ ಕೀಳೋ ಹೆಂಗಸು ಎದ್ದು ನಿಂತು ಮಾತಾಡಿದ್ರೆ ಸಾಹುಕಾರ ಚಾಪೆ ಮೇಲೆ ಕೂತು ಕೇಳ್ಬೇಕಾಗಿತ್ತು."

ಆ ಉಜ್ಜೀವನದಿಂದ ಹೊರಟ ಒಬ್ಬರು ಮೈಸೂರಿಗೆ ಬಂದು, ಶ್ರೀರಾಂಪುರದ ಒಂದು ಮನೆಯ ತಾರಸಿಯ ಮೇಲೆ ಶೀಟು ಹೊದಿಸಿ ಸಭೆ ನಡೆಸಿದರು. ಅವರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ನಾನು ಅವರನ್ನು ನೋಡಿದ್ದು ತೀರ ಮುದುಕರಾದ ಮೇಲೆ. ಅವರು ಚಪ್ಪರದಿಂದ ತಾರಸಿಗೆ ಹೊತ್ತು ತಂದ ಬೋಧನೆ ಬಹಳವೇನೂ ಇರಲಿಲ್ಲ. ವಿಶ್ವಾಸಿ ಬಂಗಾರ ಹಾಕಬಾರದು. ಬಿಳಿ ಉಡಬೇಕು. ಆತ್ಮನು ಎಬ್ಬಿಸಿದವರು, ಹೆಂಗಸಾದರೂ ಮಗುವಾದರೂ, ಎದ್ದು ಸಾಕ್ಷಿ, ಅಂದರೆ ದೇವರು ತಮಗೆ ಮಾಡಿದ್ದನ್ನು, ಹೇಳಬಹುದು, ಯಾರೂ ತಡೆಯಕೂಡದು. ಮೈಗೆ ಕಾಯಿಲೆ ಬಂದರೆ ಔಷಧಿ ಮುಟ್ಟಬಾರದು, ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು. ಪ್ರಾರ್ಥಿಸಿದ ಮೇಲೆ ವಾಸಿಯಾಯಿತೆಂದು ನಂಬಬೇಕು. ನಂಬಿದ್ದನ್ನು ಕಣ್ಣಿಗೆ ಕಾಣುವ ಮುಂಚೆಯೇ ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಹಿಂದೆ ಸರಿಯಬಾರದು, ಸರಿದರೆ ದೇವರನ್ನು ಸುಳ್ಳುಗಾರನನ್ನಾಗಿ ಮಾಡಿದ ಹಾಗೆ.

ಔಷಧಿ ಮುಟ್ಟದ ಸಭೆಯಲ್ಲಿ ಒಬ್ಬರು ನರ್ಸ್. ಬೀದಿಯವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ನಮ್ಮ ಅಪ್ಪನಂತೂ ಮುಖದ ಮೇಲೆಯೇ ಕೇಳಿದ್ದರು. ಆಂಟಿ ಸಿಟ್ಟಾಗಲಿಲ್ಲ. "ಬೇರೆಯವ್ರ ಮೈ ನನ್ನ ಕೆಲಸ ಕಣಣ್ಣ. ನನ್ನ ಮೈ ಕರ್ತನ ಕೆಲಸ. ಅವನ ಕೆಲಸ ಅವನು ಮಾಡ್ಲಿ, ನನ್ನ ಕೆಲಸ ನಾನು ಮಾಡ್ತೀನಿ" ಎಂದರು. ಬೀದಿಯ ಮಕ್ಕಳಿಗೆಲ್ಲ ಇಂಜೆಕ್ಷನ್ ಚುಚ್ಚಿದ್ದು ಅವರೇ. ಜ್ವರ ಬಂದವರನ್ನು ಗದರಿಸಿ ಡಾಕ್ಟರ ಬಳಿಗೆ ಎಳೆದುಕೊಂಡು ಹೋಗುತ್ತಿದ್ದವರೂ ಅವರೇ. ತಮಗೆ ತಲೆ ಸಿಡಿಯುವಾಗ ಮಾತ್ರ ನೀಲಗಿರಿ ಎಣ್ಣೆ ಹಚ್ಚಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಆ ಎಣ್ಣೆ ಔಷಧಿಯೋ ಅಲ್ಲವೋ ಎಂದು ಸಭೆಯ ಹೆಂಗಸರಲ್ಲಿ ಒಮ್ಮೆ ದೊಡ್ಡ ಚರ್ಚೆಯೇ ನಡೆದಿತ್ತು. ಮೆಣಸಿನ ಕಷಾಯ ಊಟದ ಲೆಕ್ಕಕ್ಕೆ ಸೇರುತ್ತದೆಂದು ಮೊದಲೇ ತೀರ್ಮಾನವಾಗಿತ್ತು. ಎಣ್ಣೆಯ ವಿಷಯದಲ್ಲಿ ಆಂಟಿ ತೀರ್ಪು ಕೊಟ್ಟರು:

"ಎಣ್ಣೆ ಮರದ್ದು. ಮರ ಕರ್ತನದ್ದು."

"ಹಂಗಾದ್ರೆ ಮಾತ್ರೆ ಯಾರದ್ದು ಸಿಸ್ಟರ್?"

"ಕಂಪ್ನೀದು" ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು. ಆಗ ನಾನೂ ನಕ್ಕಿದ್ದೆ.

ಅಮ್ಮ ಆ ಸಭೆಗೆ ಸೇರಿದ್ದು ನನ್ನಿಂದ. ನನಗೆ ವರ್ಷ ತುಂಬುವ ಮೊದಲು ಜ್ವರ ಏರಿ ಫಿಟ್ಸ್ ಬಂದಿತ್ತಂತೆ. ಅಪ್ಪ ಅಮ್ಮ ಇಬ್ಬರೂ ನಂಜನಗೂಡು ಕಡೆಯ ಬೇಸಾಯದ ಮನೆಗಳಿಂದ ಬಂದವರು, ಮೈಸೂರು ಹೊಸದು. ಅಮ್ಮ ಕಿರುಚಿಕೊಂಡದ್ದಕ್ಕೆ ಪಕ್ಕದ ಮನೆಯಿಂದ ಓಡಿಬಂದವರು ನರ್ಸಾಂಟಿ. ಅವರು ನನ್ನನ್ನು ಎದೆಗೆ ಒತ್ತಿಕೊಂಡು ಪ್ರಾರ್ಥಿಸಿದರು, ಕಣ್ಣು ತಿರುಗಿಸಿದ್ದ ಕೂಸು ಉಸಿರೆಳೆದು ಅತ್ತಿತು. ಇದು ಅಮ್ಮನ ಸಾಕ್ಷಿ. ನಾನು ಇದನ್ನು ತಾರಸಿಯ ಸಭೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೊನೆಯಲ್ಲಿ ಅಮ್ಮ ನನ್ನ ಭುಜ ಹಿಡಿದು ಎಬ್ಬಿಸಿ ನಿಲ್ಲಿಸುತ್ತಿದ್ದರು. ನಾನು ನೆಲ ನೋಡುತ್ತ ನಿಲ್ಲುತ್ತಿದ್ದೆ. ಅಪ್ಪ ಸಭೆಗೆ ಬರುತ್ತಿರಲಿಲ್ಲ. ಅವರು ಹೇಳುವ ಕಥೆಯಲ್ಲಿ ಇನ್ನಷ್ಟು ಇತ್ತು. ಆಟೋದಲ್ಲಿ ಆಂಟಿ ದಾರಿಯುದ್ದಕ್ಕೂ ಪ್ರಾರ್ಥಿಸುತ್ತಲೇ ಇದ್ದದ್ದು ನಿಜ. ನರ್ಸಿಂಗ್ ಹೋಮ್ ತಲುಪಿದೊಡನೆ ಡಾಕ್ಟರು ಹೇಳಿದ ಇಂಜೆಕ್ಷನ್ನನ್ನು ಕೊಟ್ಟವರೂ ಅವರೇ. ಅಮ್ಮನ ಸಾಕ್ಷಿಯಲ್ಲಿ ಆಟೋ ಇರಲಿಲ್ಲ, ಇಂಜೆಕ್ಷನ್ನೂ ಇರಲಿಲ್ಲ. ಚಾಪೆಯ ಮೇಲೆ ಕೂತು ಅದನ್ನು ಕೇಳುತ್ತಿದ್ದ ಆಂಟಿ ಒಮ್ಮೆಯೂ ತಿದ್ದಲಿಲ್ಲ. ಯಾಕೆ ಎಂದು ನಾನು ಕೇಳಬಹುದಿತ್ತು. ಆ ವಯಸ್ಸಿನಲ್ಲಿ ಅದು ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ದೊಡ್ಡವರ ಕೂಟಕ್ಕೆ ಮುಂಚೆ ಮಕ್ಕಳಿಗೆ ಆಂಟಿಯೇ ಪಾಠ ಮಾಡುತ್ತಿದ್ದರು. ನಾನು ಮಾತಾಡದ ಹುಡುಗಿ. ಸಾಕ್ಷಿ ಹೇಳು ಎಂದರೆ ಹಿಂದಿನ ಸಾಲಿಗೆ ಸರಿದುಬಿಡುತ್ತಿದ್ದೆ. ಒಂದು ದಿನ ಆಂಟಿ ಪಕ್ಕದಲ್ಲಿ ಕೂರಿಸಿಕೊಂಡು, "ಸಾಕ್ಷಿ ಅಂದ್ರೆ ಹಾಡೂ ಅಲ್ಲ ಭಾಷಣಾನೂ ಅಲ್ಲ ಕಣಮ್ಮ. ಏನು ಕಂಡ್ಯೋ ಅದನ್ನ ಹೇಳೋದು. ಕಂಡಿದ್ದಷ್ಟೇ. ಹೇಳಿ ಕೂತ್ಕೋ" ಎಂದರು. ನನಗೆ ಆಮೇಲೆ ಕಾಲೇಜಿನಲ್ಲಿ, ಲ್ಯಾಬಿನಲ್ಲಿ, ಇದಕ್ಕಿಂತ ಸರಿಯಾದ ಮಾತನ್ನು ಯಾರೂ ಹೇಳಿಕೊಟ್ಟಿಲ್ಲ. ಕಾಣುವ ಮುಂಚೆಯೇ ಹೇಳಬೇಕೆಂಬ ಬೋಧನೆಯನ್ನು ನಂಬಿದವರೂ ಇದೇ ಆಂಟಿ. ಎರಡೂ ಒಂದೇ ಚಪ್ಪರದಿಂದ ಬಂದದ್ದು. ಎರಡೂ ಒಬ್ಬರ ಒಳಗೆ ಹೇಗೆ ಇದ್ದವೋ...

ನಮ್ಮ ಸಭೆಯಲ್ಲಿ ಇನ್ನೊಂದು ರೂಢಿ ಇತ್ತು. ಸಾಕ್ಷಿ ಹೇಳುವವರನ್ನು ಯಾರೂ ತಡೆಯಕೂಡದು ತಾನೇ? ಆದರೆ ಕೆಲವರು ನಿಲ್ಲಿಸುತ್ತಲೇ ಇರಲಿಲ್ಲ. ಒಬ್ಬ ಅಜ್ಜಿ ದೇವರ ಉಪಕಾರದಿಂದ ಶುರುಮಾಡಿ ಸೊಸೆಯ ಸಾರಿಗೆ ಬಂದುಬಿಡುತ್ತಿದ್ದರು. ಆಗ ಸಭೆ ನಡೆಸುವವರು ಕಣ್ಣು ಮುಚ್ಚಿ, ಕೈ ಮೇಲೆತ್ತಿ, ಒಂದು ಹಾಡಿನ ಪಲ್ಲವಿ ಎತ್ತುತ್ತಿದ್ದರು. ಎಲ್ಲರೂ ಚಪ್ಪಾಳೆ ಸೇರಿಸುತ್ತಿದ್ದರು. ಕೈಯಲ್ಲಿ ಹಿಡಿದು ಬಡಿಯುವ ದಮ್ಮಡಿಯ ಸದ್ದಿನಲ್ಲಿ ಸೊಸೆ ಮುಳುಗಿಹೋಗುತ್ತಿದ್ದಳು. ಅಜ್ಜಿಯೂ ಚಪ್ಪಾಳೆ ತಟ್ಟುತ್ತಲೇ ಕೂರುತ್ತಿದ್ದರು. ಯಾರಿಗೂ ಅವಮಾನವಾಗುತ್ತಿರಲಿಲ್ಲ. ತಡೆದಿಲ್ಲವಲ್ಲ, ದೇವರನ್ನು ಹೊಗಳಿದ್ದು ಅಷ್ಟೇ. ಮಕ್ಕಳಾದ ನಮಗೆ ಅದೊಂದು ಆಟ. ಅಜ್ಜಿ ಎದ್ದೊಡನೆ ಪಲ್ಲವಿ ಯಾವಾಗ ಬರುತ್ತದೆಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದೆವು. ಆ ದಮ್ಮಡಿ ಆಂಟಿಯ ತಂದೆಯದು. ಚಪ್ಪರದ ಕಾಲದ್ದು. ಊರಿನಿಂದ ತಂದು ಸಭೆಗೆ ಕೊಟ್ಟಿದ್ದರು.

ನಾನು ಪದವಿಯ ಮೊದಲ ವರ್ಷಕ್ಕೆ ಬರುವ ಹೊತ್ತಿಗೆ ಅಯ್ಯನವರು ತೀರಿಕೊಂಡು ಅವರ ಮಗ ಪಾಸ್ಟರಾಗಿದ್ದರು. ಹೊರಗೆ ಓದಿ ಬಂದವರು, ಒಳ್ಳೆಯ ದನಿ, ಎಲ್ಲರ ಹೆಸರು ನೆನಪಿಟ್ಟುಕೊಳ್ಳುವವರು. ಆ ವರ್ಷವೇ ಆಂಟಿಯ ಎದೆಯಲ್ಲಿ ಗೆಡ್ಡೆ ಕಂಡದ್ದು. ಅದೇನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಉಪವಾಸ ಕೂಟ ಇಟ್ಟರು. ಪಾಸ್ಟರು ಹಣೆಗೆ ಎಣ್ಣೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು, ಬಹಳ ಹೊತ್ತು ಪ್ರಾರ್ಥಿಸಿದರು. ಕೊನೆಗೆ, "ಸ್ವಸ್ಥತೆ ಪಡ್ಕೊಂಡ್ರಾ ಸಿಸ್ಟರ್? ಪಡ್ಕೊಂಡಿದ್ರೆ ಈಗ್ಲೇ ಹೇಳಿ" ಎಂದರು. ಆಂಟಿ ಎದ್ದು ನಿಂತರು. ಅವರ ಎಡಗೈ ಬಲಗೈಯ ನಾಡಿಯ ಮೇಲಿತ್ತು. "ಗೆಡ್ಡೆ ಹೋಯ್ತು" ಎಂದರು.

ತಾರಸಿಯ ಶೀಟು ಹಾರಿಹೋಗುವ ಹಾಗೆ ಹಲ್ಲೆಲೂಯ ಕೇಳಿಸಿತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಒಬ್ಬ ನರ್ಸೇ ಹೇಳುತ್ತಿದ್ದಾರಲ್ಲ! ಆ ತುಣುಕು ಕೈಯಿಂದ ಕೈಗೆ ಹೋಗಿ, ಶ್ರೀರಾಂಪುರ ಎಲ್ಲಿದೆಯೆಂದೇ ಗೊತ್ತಿಲ್ಲದವರು ದಾರಿ ಕೇಳಿಕೊಂಡು ಬರತೊಡಗಿದರು. ಚಾಪೆಗಳು ಸಾಲದಾದವು. ಮೆಟ್ಟಿಲ ಮೇಲೂ ಜನ ಕೂರುತ್ತಿದ್ದರು. ಪಾಸ್ಟರು ದೊಡ್ಡ ಜಾಗ ನೋಡುತ್ತಿದ್ದಾರೆ ಎಂದು ಅಮ್ಮ ಹೆಮ್ಮೆಯಿಂದ ಹೇಳಿದರು.

ಆಂಟಿ ಮಾತ್ರ ಕೆಲಸಕ್ಕೆ ಹೋಗುವುದನ್ನು ಕಡಿಮೆ ಮಾಡಿದರು. ಆಮೇಲೆ ಬಿಟ್ಟರು. ಭಾನುವಾರ ಹಿಂದಿನ ಗೋಡೆಗೆ ಒರಗಿ, ಒಬ್ಬರೇ, ಸ್ವಲ್ಪ ದೂರದಲ್ಲಿ ಕೂರುತ್ತಿದ್ದರು. ಅವರು ಬಂದರೆ ನೀಲಗಿರಿ ಎಣ್ಣೆಯ ವಾಸನೆ ಮೊದಲು ಬರುತ್ತಿತ್ತು. ಶೀತವಿರಬೇಕು ಎಂದು ಸಭೆಯವರು ಅಂದುಕೊಂಡರು, ಅಥವಾ ಹಾಗೆ ಅಂದುಕೊಳ್ಳಲು ಇಷ್ಟಪಟ್ಟರು. ಒಂದು ಮಧ್ಯಾಹ್ನ ಅಮ್ಮ ಕೊಟ್ಟ ಸಾರಿನ ಡಬ್ಬಿ ಹಿಡಿದು ನಾನು ಅವರ ಕೋಣೆಗೆ ಹೋದೆ. ಟವೆಲ್ಲಿಗೆ ಎಣ್ಣೆ ಸುರಿದು ಎದೆಯ ಮೇಲೆ ಹೊದ್ದಿದ್ದರು. ಅದನ್ನು ಎತ್ತಿ ಸರಿಮಾಡುವಾಗ ಕೆಳಗಿನ ವಾಸನೆ ಬಂತು. ಒಡೆದ ಗಾಯದ ವಾಸನೆ. ನಾನು ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೆ.

"ಕೂತ್ಕೋ, ಹೆದರ್ಕೋಬೇಡ" ಎಂದರು. "ಇದು ಏನು ಅಂತ ನಂಗೆ ಗೊತ್ತು ಕಣಮ್ಮ. ಬೇರೆ ಯಾರಿಗಾದ್ರೂ ಆಗಿದ್ರೆ ಅವತ್ತೇ ಜುಟ್ಟು ಹಿಡ್ಕೊಂಡು ಎಳ್ಕೊಂಡು ಹೋಗಿರ್ತಿದ್ದೆ."

"ಹಾಗಾದ್ರೆ ನಡೀರಿ ಆಂಟಿ, ಆಟೋ ಕರೀತೀನಿ."

ಅವರು ತಲೆಯಾಡಿಸಿದರು. "ಹೇಳ್ಬುಟ್ಟಿದೀನಲ್ಲ. ಅದನ್ನ ಮೊದ್ಲು ವಾಪಸ್ ತಗೋಬೇಕು. ಎಲ್ಲಿ ನಿಂತು ಹೇಳಿದ್ನೋ ಅಲ್ಲೇ ನಿಂತು. ಆಮೇಲೆ ಆಸ್ಪತ್ರೆ. ಕದ್ದು ಹೋದ್ರೆ ಸುಳ್ಳು ಹೇಳ್ದಂಗಾಯ್ತದೆ."

ನಾನು ವಾದ ಮಾಡಿದೆ. ನನಗೆ ತಿಳಿದಷ್ಟು ಜೀವಶಾಸ್ತ್ರವನ್ನೆಲ್ಲ ಹೇಳಿದೆ. ಅದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸಾಕ್ಷಿಯನ್ನು ಸಭೆಯ ಎದುರು ಹಿಂದಕ್ಕೆ ತೆಗೆದುಕೊಳ್ಳದೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಕೂತರು. ಪಾಸ್ಟರ ಹತ್ತಿರ ಸಮಯ ಕೇಳಿದರು. ಮುಂದಿನ ವಾರ ನೋಡೋಣ ಎಂದರು ಪಾಸ್ಟರು. ಆ ವಾರ ಹೊರಗಿನಿಂದ ಬೋಧಕರು ಬಂದಿದ್ದರು. ಅದರ ಮುಂದಿನ ವಾರ ದೀಕ್ಷಾಸ್ನಾನದ ಕೂಟ. ಹೀಗೆ ವಾರಗಳು ಹೋದವು. ಆ ವಾರಗಳನ್ನು ನೆನೆದರೆ ನನಗೆ ಈಗಲೂ ಹಲ್ಲು ಬಿಗಿಯುತ್ತದೆ. ಸಿಟ್ಟು ಪಾಸ್ಟರ ಮೇಲೆ ಮಾತ್ರವಲ್ಲ. ಆಂಟಿಯ ಮೇಲೂ ಇದೆ. ಅಷ್ಟು ನೇರ ಯಾಕಿರಬೇಕಿತ್ತು? ಕದ್ದು ಹೋಗಬಹುದಿತ್ತು. ಸಭೆಯಲ್ಲಿ ಎಷ್ಟೋ ಜನ ಹಾಗೆ ಹೋಗುತ್ತಿದ್ದರು, ಬ್ಯಾಗಿನ ತಳದಲ್ಲಿ ಮಾತ್ರೆ ಇಟ್ಟುಕೊಂಡು ಮೇಲೆ ಸತ್ಯವೇದ ಇಡುತ್ತಿದ್ದರು.

ಕೊನೆಗೆ ಒಂದು ಭಾನುವಾರ ಆಂಟಿ ಯಾರನ್ನೂ ಕೇಳದೆ ಎದ್ದು ನಿಂತರು. ಆತ್ಮನು ಎಬ್ಬಿಸಿದವರನ್ನು ತಡೆಯಕೂಡದು ಎಂಬ ಬೋಧನೆಯನ್ನು ನೆಚ್ಚಿಕೊಂಡೇ ಎದ್ದಿರಬೇಕು. ತಲೆಗಳು ಹಿಂದಕ್ಕೆ ತಿರುಗಿದವು. ನಾನೂ ಅಮ್ಮನೂ ಅವರಿಗೆ ಎರಡು ಚಾಪೆ ಮುಂದೆ ಇದ್ದೆವು.

"ನಾನು ಅವತ್ತು ಹೇಳಿದ್ದು ಆಗಿಲ್ಲ. ಗೆಡ್ಡೆ ಹೋಗಿಲ್ಲ, ಒಡೆದಿದೆ. ನನ್ನ ಮಾತು ನಂಬ್ಕೊಂಡು ಯಾರೂ..."

ಪಾಸ್ಟರು ಕಣ್ಣು ಮುಚ್ಚಿ ಕೈ ಮೇಲೆತ್ತಿದರು. ಪಲ್ಲವಿ ಶುರುವಾಯಿತು. ದಮ್ಮಡಿ ಸೇರಿತು. ಹೊಸಬರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಯಾರೋ ತಾಯಿ ಸಾಕ್ಷಿ ಹೇಳಿದರು, ಸಭೆ ಸಂತೋಷಪಡುತ್ತಿದೆ ಎಂದು ಅವರೂ ಚಪ್ಪಾಳೆ ತಟ್ಟಿದರು. ಆಂಟಿಯ ತುಟಿ ಇನ್ನೂ ಆಡುತ್ತಿತ್ತು. ಪಲ್ಲವಿ ಮುಗಿಯಲಿ ಎಂದು ಅವರು ನಿಂತು ಕಾದರು. ಪಲ್ಲವಿ ಮುಗಿಯಲಿಲ್ಲ. ಮುಗಿಯುವ ಹೊತ್ತಿಗೆ ಪಾಸ್ಟರು ಮತ್ತೆ ಮೊದಲಿಂದ ಎತ್ತಿಕೊಳ್ಳುತ್ತಿದ್ದರು. ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕೆನ್ನೆಯ ಮೇಲೆ ನೀರು ಹರಿಯುತ್ತಿದ್ದರೂ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಅಮ್ಮನಿಗೆ ಕೇಳಿಸಿತ್ತು. ಆಂಟಿಯ ಸಾಕ್ಷಿ ಸುಳ್ಳಾದರೆ ತನ್ನ ಸಾಕ್ಷಿ ಏನಾಗಬೇಕು? ಆ ಚಪ್ಪಾಳೆ ನನ್ನನ್ನು ಉಳಿಸಿಕೊಳ್ಳಲು ತಟ್ಟಿದ್ದು ಎಂದು ನನಗೆ ಆಗಲೇ ಅರ್ಥವಾಯಿತು. ಅರ್ಥವಾದದ್ದರಿಂದ ಏನೂ ಹಗುರವಾಗಲಿಲ್ಲ.

ಸಭೆ ಬಿಟ್ಟ ಮೇಲೆ ಆಂಟಿ ಮೆಟ್ಟಿಲಿಳಿಯಲು ನನ್ನ ಭುಜ ಹಿಡಿದರು. ಅರ್ಧ ಇಳಿದು ನಿಂತು ಕೇಳಿದರು, "ನಿಂಗೆ ಕೇಳಿಸ್ತಾ?"

"ಕೇಳಿಸ್ತು ಆಂಟಿ. ಪೂರ್ತಿ."

"ಹಂಗಾದ್ರೆ ಸಾಕು ಬುಡು. ನಾಳೆ ಹೋಗಾಣ."

ಮರುದಿನ ಹೋದೆವು. ಡಾಕ್ಟರು ಅವರಿಗೆ ಪರಿಚಯದವರು. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, ಬಹಳ ಹೊತ್ತು ಟವೆಲ್ಲಿನಲ್ಲಿ ಕೈ ಒರೆಸುತ್ತಲೇ ನಿಂತರು. "ನೀವೇ ಹೀಗ್ಮಾಡಿದ್ರೆ ಹೆಂಗೆ ಸಿಸ್ಟರ್?" ಎಂದಷ್ಟೇ ಕೇಳಿದರು. ಮಾಡುವುದು ಹೆಚ್ಚೇನೂ ಉಳಿದಿರಲಿಲ್ಲ. ನೋವಿಗೆ ಮಾತ್ರೆ ಬರೆದುಕೊಟ್ಟರು. ಮೊದಲ ಮಾತ್ರೆಯನ್ನು ನಾನೇ ಬಿಡಿಸಿ ಆಂಟಿಯ ಅಂಗೈಗೆ ಹಾಕಿದೆ. ಅದನ್ನು ಸ್ವಲ್ಪ ಹೊತ್ತು ನೋಡಿದರು. ತಮ್ಮ ಕೈಯಿಂದ ಸಾವಿರಾರು ಜನಕ್ಕೆ ಕೊಟ್ಟಿದ್ದವರು... ನುಂಗಿ, ನೀರು ಕುಡಿದು, "ಕಂಪ್ನಿಯವ್ರು ಚೆನ್ನಾಗಿರ್ಲಿ" ಎಂದರು. ಆ ಸಂಜೆ ಬಹಳ ದಿನಗಳ ಮೇಲೆ ಅವರಿಗೆ ನಿದ್ದೆ ಬಂತು. ಕಿಟಕಿಯ ಹತ್ತಿರ ಕೂತು ನಾನು ಅವರ ಉಸಿರು ಕೇಳಿಸಿಕೊಂಡೆ. ಆಮೇಲಿನ ದಿನಗಳಲ್ಲಿ ಕಾಲೇಜಿಗೆ ಮುಂಚೆ, ಕಾಲೇಜಿನ ನಂತರ ನಾನೇ ಮಾತ್ರೆ ಕೊಡುತ್ತಿದ್ದೆ. ಅವರು ಒಂದು ಸಲವೂ ಬೇಡ ಎನ್ನಲಿಲ್ಲ. ಪ್ರಾರ್ಥನೆಯನ್ನೂ ಬಿಡಲಿಲ್ಲ.

ಅವರು ತೀರಿಕೊಂಡ ಬೆಳಿಗ್ಗೆ ಸಭೆಯವರು ಬರುವ ಮುಂಚೆ ಅಮ್ಮ ಕೋಣೆ ಗುಡಿಸಿದರು. ಕಿಟಕಿಯ ಮೇಲಿದ್ದ ಮಾತ್ರೆಗಳ ಹಾಳೆಗಳನ್ನೆಲ್ಲ ಬಾಚಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ನಾನು ನೋಡುತ್ತಿದ್ದುದನ್ನು ಕಂಡು, "ಬಂದೋರು ನೋಡಿದ್ರೆ ಏನಂದ್ಕೋತಾರೆ? ಹೋದೋರ ಹೆಸರು ಕೆಡಿಸ್ಬಾರ್ದು ಕಣೆ" ಎಂದರು. ನೀಲಗಿರಿ ಎಣ್ಣೆಯ ಸೀಸೆಯನ್ನು ಮಾತ್ರ ಅಲ್ಲೇ ಬಿಟ್ಟರು. ಸಮಾಧಿಯ ಬಳಿ ಪಾಸ್ಟರು, ನಮ್ಮ ಸಹೋದರಿ ಒಂದೂ ಮಾತ್ರೆ ಮುಟ್ಟದೆ ಕರ್ತನ ಬಳಿಗೆ ಹೋದರು ಎಂದರು. ಬಿಳಿ ಹೊದ್ದವರೆಲ್ಲ ಆಮೆನ್ ಎಂದರು.

ಆ ತಾರಸಿ ಈಗಿಲ್ಲ. ಸಭೆ ಊರಾಚೆ ರಿಂಗ್ ರಸ್ತೆಯ ಬದಿಯ ದೊಡ್ಡ ಹಾಲಿಗೆ ಹೋಗಿದೆ. ಮೆತ್ತನೆಯ ಕುರ್ಚಿಗಳಿವೆ, ಎಸಿ ಇದೆ, ಗೋಡೆಯಷ್ಟು ದೊಡ್ಡ ಪರದೆ ಇದೆ. ನಾನು ಪ್ರತಿ ವಾರ ಹೋಗುವುದಿಲ್ಲ. ಅಮ್ಮನಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವವರು ಬೇಕಾದಾಗ ಹೋಗುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಕೂತು ನೋಡುವಾಗ, ಉಜ್ಜೀವನದ ಯಾವ ಯಾವ ಬೋಧನೆ ಇಲ್ಲಿಯವರೆಗೆ ಬಂತು, ಯಾವುದು ದಾರಿಯಲ್ಲಿ ಬಿದ್ದುಹೋಯಿತು ಎಂದು ಯೋಚಿಸುತ್ತೇನೆ. ಬಿಳಿ ಬಿದ್ದುಹೋಗಿದೆ. ಬಂಗಾರ ಮೊದಲು ಪಾಸ್ಟರ ಹೆಂಡತಿಯ ಕೈಗೆ ಬಂತು, ಆಮೇಲೆ ಎಲ್ಲರ ಕೈಗೂ. ಔಷಧಿ ಬೇಡವೆಂಬುದು ಪಾಸ್ಟರಿಗೆ ಹೃದಯದಲ್ಲಿ ಸ್ಟೆಂಟ್ ಹಾಕಿದ ವರ್ಷ ಸದ್ದಿಲ್ಲದೆ ಹೋಯಿತು. ದೇವರು ಡಾಕ್ಟರ ಕೈಯನ್ನು ಉಪಯೋಗಿಸಿದನು ಎಂದು ವೇದಿಕೆಯಿಂದಲೇ ಹೇಳಿದರು. ನಿಜವೇ ಇರಬಹುದು. ಆಂಟಿ ಬದುಕೆಲ್ಲ ಅಂಥದೇ ಕೈಯಾಗಿದ್ದರು. ಹಾಗೆಂದು ಅವರಿಗೆ ಆಗ ಯಾರೂ ಹೇಳಲಿಲ್ಲ. ಯಾರು ಬೇಕಾದರೂ ಎದ್ದು ನಿಲ್ಲಬಹುದೆಂಬುದು, ಕಳೆ ಕೀಳುವ ಹೆಂಗಸಿಗೆ ಸಿಕ್ಕಿದ್ದ ಆ ಒಂದು ದೊಡ್ಡ ವಸ್ತು, ಅದೂ ಬಿದ್ದುಹೋಗಿದೆ. ಈಗ ಸಾಕ್ಷಿಗಳನ್ನು ವಾರದ ಮಧ್ಯೆ ಕ್ಯಾಮೆರಾದಲ್ಲಿ ಹಿಡಿದು, ಕತ್ತರಿಸಿ, ಸಂಗೀತ ಸೇರಿಸಿ ಪರದೆಯ ಮೇಲೆ ತೋರಿಸುತ್ತಾರೆ. ಉಳಿದು ಬಂದದ್ದು ಎರಡು. ಕಾಣುವ ಮುಂಚೆ ಹೇಳುವುದು, ಮತ್ತು ಪಲ್ಲವಿ.

ಮೆಡಿಕಲ್ ಸ್ಟೋರಿಗೆ ಹೋಗಿದ್ದ ಮರುದಿನ, ಅಂದರೆ ಹೋದ ಭಾನುವಾರ, ಸಭೆ ಹುಟ್ಟಿದ ದಿನದ ನೆನಪಿನ ಆರಾಧನೆ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಪರದೆಯ ಮೇಲೆ ಅಯ್ಯನವರ ಚಿತ್ರ ಬಂತು, ಶೀಟಿನ ತಾರಸಿ ಬಂತು. ಆಮೇಲೆ ಆಂಟಿ. ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ಅದೇ ಹಳೆಯ ತುಣುಕು. "ಗೆಡ್ಡೆ ಹೋಯ್ತು." ಅದರ ಕೆಳಗೆ ಅಕ್ಷರಗಳು ಮೂಡಿದವು: ಜೀವನದಲ್ಲಿ ಒಂದು ಮಾತ್ರೆಯನ್ನೂ ಮುಟ್ಟದ ವಿಶ್ವಾಸದ ತಾಯಿ. ಅವರ ಎಡಗೈ ಬಲಗೈಯ ನಾಡಿಯ ಮೇಲಿರುವುದು ಆ ದೊಡ್ಡ ಪರದೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಮೂಗಿನಲ್ಲಿ ಹಿಂದಿನ ಸಂಜೆಯ ವಾಸನೆ ಇನ್ನೂ ಇದ್ದ ಹಾಗಿತ್ತು.

ದೀಪಗಳು ಹತ್ತಿದ ಮೇಲೆ ಪಾಸ್ಟರು, "ಈ ತಾಯಿಯನ್ನ ಕಣ್ಣಾರೆ ಕಂಡವರು ಇಲ್ಲಿ ಇನ್ನೂ ಕೆಲವರಿದ್ದಾರೆ. ಒಂದೊಂದು ಮಾತು ಹೇಳ್ಬಹುದು" ಎಂದರು. ಸಭೆಗಳಲ್ಲಿ ಬಾಯಿ ತೆರೆಯದ ನಾನು ಎದ್ದು ನಿಂತದ್ದು ಹೇಗೆಂದು ನನಗೆ ಗೊತ್ತಿಲ್ಲ. ಸ್ವಯಂಸೇವಕಿಯೊಬ್ಬಳು ಮೈಕು ತಂದುಕೊಟ್ಟಳು. ಅಮ್ಮ ನನ್ನ ಮುಖ ನೋಡಿ ನಕ್ಕರು. ಕೊನೆಗೂ ಮಗಳು ಸಾಕ್ಷಿ ಹೇಳುತ್ತಾಳೆಂಬ ಸಂತೋಷ. ನನ್ನ ಭುಜವನ್ನು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, ಮೆಲ್ಲಗೆ ಮುಂದಕ್ಕೆ ತಳ್ಳಿದರು.

"ಅವರು ಮಾತ್ರೆ ತಗೊಂಡ್ರು" ಎಂದೆ. "ನಾನೇ ಕೊಟ್ಟಿದ್ದು. ಗೆಡ್ಡೆ ಹೋಗಿಲ್ಲ ಅಂತ ಅವರು ಸಭೇಲೇ ಎದ್ದು ನಿಂತು..."

ಕೀಬೋರ್ಡು ಶುರುವಾಯಿತು. ನುಡಿಸುತ್ತಿದ್ದವನು ಆಂಟಿಯನ್ನು ಕಂಡವನೇ ಅಲ್ಲ. ಪಾಸ್ಟರ ಕೈ ಮೇಲೆ ಹೋಯಿತು, ಅವನ ಬೆರಳು ಕೆಳಗಿಳಿಯಿತು, ಅಷ್ಟೇ. ಡ್ರಮ್ಮು ಸೇರಿತು. ಮೈಕು ಯಾವಾಗ ನಿಂತಿತೋ ತಿಳಿಯಲಿಲ್ಲ. ಹಳೆಯದೇ ಪಲ್ಲವಿ, ಹೊಸ ತಾಳದಲ್ಲಿ. ನಾನು ವಾಕ್ಯವನ್ನು ಮುಗಿಸಿದೆ. ಕಂಡದ್ದಷ್ಟನ್ನೇ ಹೇಳಿ ಕೂತೆ. ಪಕ್ಕದಲ್ಲಿ ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಈ ಸಲ ಕೆನ್ನೆಯ ಮೇಲೆ ನೀರಿರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಫ್ಯಾನಿನ ಕೆಳಗೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

"ಅಲ್ಲಿ ಏನೋ ಹೇಳ್ತಿದ್ದೆಯಲ್ಲ? ಮ್ಯೂಸಿಕ್ ಜೋರಿತ್ತು. ಕೇಳಿಸ್ಲಿಲ್ಲ ಕಣೆ."

"ಮತ್ತೆ ಹೇಳ್ಲಾ?"

ಅಮ್ಮ ನನ್ನನ್ನು ನೋಡಲಿಲ್ಲ. "ಮೊದ್ಲು ಮಾತ್ರೆ ಕೊಡು. ಹೊತ್ತಾಯ್ತು" ಎಂದರು.

ಶನಿವಾರ ತಂದಿದ್ದ ಪೊಟ್ಟಣ ಬಿಚ್ಚಿ ಒಂದು ಮಾತ್ರೆ ಬಿಡಿಸಿ ಅಂಗೈಗೆ ಹಾಕಿದೆ. ಅಮ್ಮ ಅದರ ಮೇಲೆ ಕೈ ಮುಚ್ಚಿ, ತುಟಿಯಲ್ಲೇ ಸ್ತೋತ್ರ ಹೇಳಿ, ನುಂಗಿ ನೀರು ಕುಡಿದರು. ನಾನು ಅಡುಗೆಮನೆಗೆ ಹೋಗಿ ಲೋಟ ತೊಳೆಯುತ್ತ ನಿಂತೆ. ನಿಂಗೆ ಕೇಳಿಸ್ತಾ ಎಂದು ಆ ದಿನ ಮೆಟ್ಟಿಲ ಮೇಲೆ ಕೇಳಲು ಆಂಟಿಗೆ ಒಬ್ಬಳಾದರೂ ಇದ್ದಳು. ನನಗೂ ಯಾರನ್ನಾದರೂ ಹಾಗೆ ಕೇಳಬೇಕೆನಿಸಿತು. ಯಾರನ್ನು ಎಂದು ಹುಡುಕಿದರೆ, ನೆನಪಿಗೆ ಬಂದದ್ದು ಅವರೊಬ್ಬರೇ...